ಹೆಸರಲ್ಲೇ ನಿಜ ಹೇಳುವ ನಕಲು

— ಮಾವ, ಇಂಗ್ಲೆಂಡಿನಲ್ಲಿ ಒಯಾಸಿಸ್ ತಂಡದ ಹಾಡುಗಳನ್ನೇ ಹಾಡಿಕೊಂಡು ಊರೂರು ತಿರುಗೋ ಒಂದು ಬ್ಯಾಂಡ್ ಇದೆ. ಅದರ ಹೆಸರು ‘ನೋಯಾಸಿಸ್’. ಆರ್ಕ್ಟಿಕ್ ಮಂಕೀಸ್‌ಗೆ ಒಂದು ‘ಅಂಟಾರ್ಕ್ಟಿಕ್ ಮಂಕೀಸ್’, ಟೇಕ್ ದ್ಯಾಟ್‌ಗೆ ಒಂದು ‘ಫೇಕ್ ದ್ಯಾಟ್’. ನಮ್ಮ ತಂಡದ ಹುಡುಗರಿಗೆ ಇವನ್ನೆಲ್ಲ ಓದಿ ನಗು ತಡೀಲಿಲ್ಲ. ನಾವು ಲೆಡ್ ಝೆಪ್ಲಿನ್ ಹಾಡೋದಲ್ವಾ, ನಮಗೂ ಅಂಥದ್ದೇ ಒಂದು ಹೆಸರಿರಲಿ ಅಂತಾರೆ. ನನಗೆ ಮನಸ್ಸು ಒಪ್ತಿಲ್ಲ.

— ಯಾಕಮ್ಮ?

— ಜಿಮ್ಮಿ ಪೇಜ್‌ನ ಒಂದು ಸೋಲೋ ಕೈಗೆ ಕೂರೋಕೆ ತಿಂಗಳುಗಟ್ಟಲೆ ಬೇಕು. ಅಷ್ಟು ದುಡಿದು, ಕೊನೆಗೆ ಪೋಸ್ಟರ್ ಮೇಲೆ ಮಿಮಿಕ್ರಿ ಕಾರ್ಯಕ್ರಮದ ಹೆಸರು ಹಾಕಿಸಿದರೆ ಸಂಗೀತಕ್ಕೆ ಏನು ಮರ್ಯಾದೆ ಕೊಟ್ಟ ಹಾಗಾಯ್ತು?

— ನನ್ನ ಕೇಳಿದರೆ ಮರ್ಯಾದೆ ಇರೋದೇ ಆ ಹೆಸರಲ್ಲಿ. ‘ನೋಯಾಸಿಸ್’ ಶುರುವಾಗೋದೇ ‘ನೋ’ ಅಂತ. ಟಿಕೆಟ್ ಕೊಳ್ಳೋಕೆ ಬಂದವರಿಗೆ ಬಾಗಿಲಲ್ಲೇ ಹೇಳಿಬಿಡ್ತಾರೆ: ನಾವು ಅವರಲ್ಲ. ಈ ಒಂದು ಮಾತನ್ನು ಹೇಳದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ 1969ರ ಅಮೆರಿಕಾ ನೋಡಬೇಕು. ಝಾಂಬೀಸ್ ಕೇಳಿದ್ದೀಯಲ್ಲ?

— ‘ಟೈಮ್ ಆಫ್ ದ ಸೀಸನ್’ ಹಾಡಿದವರು.

— ಹೂಂ, ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನವರು. 1967ರ ಕೊನೆಯ ಹೊತ್ತಿಗೆ ದುಡ್ಡಿಲ್ಲ, ಕೇಳುವವರಿಲ್ಲ ಅಂತ ಬೇಸತ್ತು ತಂಡ ಬಿಚ್ಚಿಬಿಟ್ಟರು. ಆಮೇಲೆ ಬಂತು ನೋಡು ಅದೃಷ್ಟ. ಅವರು ಮನೆ ಸೇರಿದ ಮೇಲೆ, 1969ರಲ್ಲಿ, ಆ ಹಾಡು ಅಮೆರಿಕಾದಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಹಾಡು ಎಲ್ಲ ಕಡೆ ಮೊಳಗ್ತಿದೆ, ಹಾಡಿದವರೇ ಇಲ್ಲ. ಮಿಶಿಗನ್ನಿನ ಒಂದು ಪ್ರಚಾರ ಕಂಪನಿಯವರು ಟೆಕ್ಸಾಸ್‌ನಿಂದ ನಾಲ್ಕು ಹುಡುಗರನ್ನು ಹಿಡಿದು ತಂದು, ಇವರೇ ಝಾಂಬೀಸ್ ಅಂತ ಊರೂರಿಗೆ ಕಳಿಸಿದರು. ಆ ಕಾಲದಲ್ಲಿ ಇಂಗ್ಲೆಂಡಿನ ತಂಡದವರ ಮುಖ ಅಮೆರಿಕಾದ ಸಣ್ಣ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತಿರ್ತಿತ್ತು? ಜನ ದುಡ್ಡು ಕೊಟ್ಟು ಬಂದರು, ಕೇಳಿದರು, ಹೋದರು.

— ಮೋಸ ಅಲ್ವಾ ಅದು?

— ಹಗಲುಮೋಸ. ಇನ್ನೊಂದು ವಿಷಯ ಹೇಳ್ತೀನಿ ಕೇಳು. ಆ ನಾಲ್ವರಲ್ಲಿ ಇಬ್ಬರು ಡಸ್ಟಿ ಹಿಲ್ ಮತ್ತು ಫ್ರಾಂಕ್ ಬಿಯರ್ಡ್.

— ಝೀಝೀ ಟಾಪ್‌ನವರಾ!

— ಅವರೇ. ಅಂದರೆ ಪ್ರತಿಭೆಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹೆಸರಿನಲ್ಲಿ. ಅದೇ ಹುಡುಗರು ‘ನಾವು ಝಾಂಬೀಸ್ ಹಾಡುಗಳನ್ನು ನುಡಿಸೋ ಟೆಕ್ಸಾಸ್‌ನವರು’ ಅಂತ ಹೇಳಿಕೊಂಡು ಬಂದಿದ್ದರೆ ಯಾರಿಗೂ ಅನ್ಯಾಯ ಆಗ್ತಿರಲಿಲ್ಲ. ಐದು ವರ್ಷ ಕಳೆದ ಮೇಲೆ ಫ್ಲೀಟ್‌ವುಡ್ ಮ್ಯಾಕ್‌ಗೂ ಇದೇ ಆಯ್ತು. ಹೆಸರು ನನ್ನದು ಅಂತ ಅವರ ಮ್ಯಾನೇಜರೇ ವಾದ ಹೂಡಿ, 1974ರಲ್ಲಿ ಬೇರೆಯೇ ಜನರನ್ನು ಕೂಡಿಸಿ ಅಮೆರಿಕಾ ಪ್ರವಾಸಕ್ಕೆ ಕಳಿಸಿದ. ಪ್ರವಾಸ ಅರ್ಧಕ್ಕೇ ಕುಸಿದುಬಿತ್ತು, ಕೋರ್ಟು ಕಚೇರಿ ಆಯ್ತು. ಹೋದ ಹುಡುಗರು ಆಮೇಲೆ ‘ಸ್ಟ್ರೆಚ್’ ಅಂತ ತಮ್ಮದೇ ತಂಡ ಕಟ್ಟಿದರು. ಮಿಕ್ ಫ್ಲೀಟ್‌ವುಡ್ ನಮ್ಮ ಜೊತೆ ಸೇರ್ತೀನಿ ಅಂತ ಹೇಳಿ ಬರಲಿಲ್ಲ ಅನ್ನೋದು ಅವರ ದೂರು. ಅವನು ಅದನ್ನು ಒಪ್ಪಲಿಲ್ಲ. 1975ರಲ್ಲಿ ಅವನ ಮೇಲಿನ ಸಿಟ್ಟನ್ನೇ ಹಾಡು ಮಾಡಿ ಹಾಡಿದರು, ಅದು ಬ್ರಿಟನ್ನಿನಲ್ಲಿ ಹಿಟ್ ಆಯ್ತು. ಅಲ್ಲೂ ನೋಡು, ಸ್ವಂತ ಹೆಸರು ಬಂದ ಮೇಲೇನೇ ಸ್ವಂತ ಹಾಡು ಬಂತು.

— ಸರಿ, ಅಸಲಿ ಹೆಸರು ಕದಿಯಬಾರದು, ಒಪ್ಪಿದೆ. ಅದಕ್ಕೆ ತಮಾಷೆ ಯಾಕೆ ಬೇಕು? ‘ಝೆಪ್ಲಿನ್ ಗೀತೆಗಳ ಸಂಜೆ’ ಅಂತ ಹಾಕಿದರೆ ಮುಗೀತಲ್ಲ.

— ಹಾಕಬಹುದು. ಆಸ್ಟ್ರೇಲಿಯಾದ ಅಡಿಲೇಡ್‌ನವರು 1988ರಲ್ಲಿ ಹಾಗೇ ಮಾಡಿದರು. ‘ದಿ ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್ ಶೋ’. ಹೆಸರಿಗೆ ದೇಶ ಸೇರಿಸಿದರು, ಅಷ್ಟೇ. ಆದರೂ ನಗು ಬಿಡಲಿಲ್ಲ. ಪಿಂಕ್ ಫ್ಲಾಯ್ಡ್ ಕಚೇರಿಗಳಲ್ಲಿ ಗಾಳಿ ತುಂಬಿದ ದೊಡ್ಡ ಹಂದಿ ಹಾರಾಡೋದು ಗೊತ್ತಲ್ಲ? ಇವರ ಕಚೇರಿಯಲ್ಲಿ ಗುಲಾಬಿ ಬಣ್ಣದ ಕಾಂಗರೂ ಏಳುತ್ತೆ. ಆದರೆ ಗಿಟಾರಿನ ನಾದ, ಬೆಳಕಿನ ವ್ಯವಸ್ಥೆ, ಹಿಂದಿನ ದುಂಡು ಪರದೆ ಇವುಗಳಲ್ಲಿ ಮಾತ್ರ ಎಳ್ಳಷ್ಟೂ ಸಡಿಲ ಇಲ್ಲ. 1996ರಲ್ಲಿ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್‌ಗೆ ಐವತ್ತು ತುಂಬಿದಾಗ, ಆ ಹುಟ್ಟುಹಬ್ಬಕ್ಕೆ ನುಡಿಸೋಕೆ ಅವರನ್ನೇ ಕರೆಸಿಕೊಂಡ. ಕಾಂಗರೂ ಇಲ್ಲದೆ ಹಂದಿಯನ್ನೇ ಹಾರಿಸಿದ್ದರೆ ಅವರು ಬರೀ ಪ್ರತಿ ಆಗ್ತಿದ್ದರು. ಕಾಂಗರೂ ಇದ್ದದ್ದರಿಂದ ‘ನಾವು ಯಾರು, ಎಲ್ಲಿಂದ ಬಂದೋರು’ ಅನ್ನೋದೂ ವೇದಿಕೆ ಮೇಲೆ ಇತ್ತು.

— ಅದು ಚೆನ್ನಾಗಿದೆ. ಆದರೆ ಅದು ವೇದಿಕೆಯ ಮಾತಾಯ್ತು. ಹೆಸರಿನ ವಿಷಯಕ್ಕೆ ಬನ್ನಿ.

— ಹೆಸರಿನ ವಿಷಯಕ್ಕೆ ಬಂದರೆ ನನ್ನ ಪ್ರೀತಿಯ ಉದಾಹರಣೆ ‘ಬಿಯೋರ್ನ್ ಅಗೇನ್’. ಅದೂ ಆಸ್ಟ್ರೇಲಿಯಾದ್ದೇ, ಮೆಲ್ಬರ್ನ್, ಅದೂ 1988ರಲ್ಲೇ. ಸ್ವೀಡನ್ನಿನ ಅಬ್ಬಾ ತಂಡ 1982ರ ಹೊತ್ತಿಗೆ ನಿಂತುಹೋಗಿತ್ತು. ಆ ನಾಲ್ವರಲ್ಲಿ ಒಬ್ಬ ಬಿಯೋರ್ನ್ ಉಲ್ವೇಯಸ್. ‘ಬಾರ್ನ್ ಅಗೇನ್’ ಅಂದರೆ ಮರುಹುಟ್ಟು. ಎರಡನ್ನೂ ಹೆಣೆದರು. ಒಂದೇ ಹೆಸರಿನಲ್ಲಿ ಮೂರು ಮಾತು: ಯಾರ ಹಾಡು ಹಾಡ್ತೀವಿ, ಆ ತಂಡ ಈಗ ಇಲ್ಲ, ನಾವು ಅದನ್ನು ಮತ್ತೆ ಎಬ್ಬಿಸ್ತಾ ಇದ್ದೀವಿ. ನೀನು ಹೇಳಿದ ‘ಗೀತೆಗಳ ಸಂಜೆ’ಯಲ್ಲಿ ಇಷ್ಟು ಅರ್ಥ ಹಿಡಿಯುತ್ತಾ?

— ಅಬ್ಬಾ ಹಾಡುಗಳನ್ನ ಆಗ ಯಾರು ಕೇಳ್ತಿದ್ದರು? ರಾಕ್ ಕೇಳುವವರು ಅದನ್ನ ಹಳೇ ಪಾಪ್ ಅಂತ ಮೂಗು ಮುರೀತಿದ್ದರು ಅಂತ ನೀವೇ ಹೇಳಿದ್ದಿರಿ.

— ಹೌದು, ಅದಕ್ಕೇ ಆ ತಂಡ ಮಾಡಿದ ಕೆಲಸ ದೊಡ್ಡದು. 1992ರಲ್ಲಿ ಇಂಗ್ಲೆಂಡಿನ ರೆಡಿಂಗ್ ಉತ್ಸವಕ್ಕೆ ನಿರ್ವಾಣ ತಂಡ ಮುಖ್ಯ ಕಲಾವಿದರು. ತಮ್ಮ ದಿನದ ಪಟ್ಟಿಯಲ್ಲಿ ಬಿಯೋರ್ನ್ ಅಗೇನ್ ಇರಲಿ ಅಂತ ಕೇಳಿಕೊಂಡವರು ನಿರ್ವಾಣದವರೇ. ಹರಿದ ಜೀನ್ಸ್‌ನ ಗ್ರಂಜ್ ಜನಸಾಗರದ ಮುಂದೆ ಮಿಣಮಿಣ ಬಟ್ಟೆ ತೊಟ್ಟ ನಾಲ್ವರು ಅಬ್ಬಾ ಹಾಡಿದರು. ಅದೇ ವರ್ಷ ಇರೇಷರ್ ಅನ್ನೋ ಜೋಡಿ ಅಬ್ಬಾದ ನಾಲ್ಕು ಹಾಡು ಹಾಡಿ ‘ಅಬ್ಬಾ-ಎಸ್ಕ್’ ಅಂತ ಹೊರತಂದಿದ್ದರು. ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಬಿಯೋರ್ನ್ ಅಗೇನ್ ಸುಮ್ಮನಿರ್ತಾರಾ? ಇರೇಷರ್‌ನ ಹಾಡುಗಳನ್ನು ಅಬ್ಬಾ ಶೈಲಿಯಲ್ಲಿ ಹಾಡಿ ‘ಇರೇಷರ್-ಇಶ್’ ಅಂತ ಹೊರತಂದರು! ಆ ವರ್ಷವೇ ‘ಅಬ್ಬಾ ಗೋಲ್ಡ್’ ಸಂಕಲನವೂ ಬಂತು, ಅಬ್ಬಾ ಮತ್ತೆ ಮನೆಮನೆ ಸೇರಿತು. ಅದೆಲ್ಲ ಈ ತಂಡದಿಂದಲೇ ಆಯ್ತು ಅಂತ ನಾನು ಹೇಳೋದಿಲ್ಲ. ಆದರೆ ಜನ ಮುಜುಗರ ಇಲ್ಲದೆ ಅಬ್ಬಾ ಕೇಳೋ ಹಾಗೆ ಮಾಡಿದವರಲ್ಲಿ ಇವರೂ ಇದ್ದಾರೆ. ಆ ಮುಜುಗರ ಕಳೆದದ್ದು ನಗುವಿನಿಂದ.

— ನಗುವಿನ ನೆಪದಲ್ಲಿ ಪ್ರೀತಿ ಒಪ್ಪಿಕೊಳ್ಳೋದು.

— ಸರಿಯಾಗಿ ಹೇಳಿದೆ.

— ನಮ್ಮಲ್ಲೂ ಆರ್ಕೆಸ್ಟ್ರಾಗಳಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಬರ್ತಾರಲ್ಲ, ಅದೂ ಹೀಗೇನಾ?

— ಅದೇ ಜಾತಿ. ಗಣೇಶನ ಪೆಂಡಾಲಿನಲ್ಲಿ ಕೂತ ಯಾರಿಗೂ ಅಣ್ಣಾವ್ರೇ ಬಂದರು ಅಂತ ಭ್ರಮೆ ಇರೋದಿಲ್ಲ. ಆದರೂ ಆ ನಡಿಗೆ, ಆ ಕೈ ಎತ್ತೋ ರೀತಿ ಕಂಡ ಕೂಡಲೇ ಶಿಳ್ಳೆ ಬೀಳುತ್ತೆ. ‘ಜೂನಿಯರ್’ ಅನ್ನೋ ಪದ ಇಡೀ ಒಪ್ಪಂದವನ್ನ ಹೇಳಿಬಿಡುತ್ತೆ. ಒಂದು ವ್ಯತ್ಯಾಸ ಮಾತ್ರ ಇದೆ. ನಮ್ಮವರು ಎಲ್ಲರಿಗೂ ಆ ಒಂದೇ ಪದ ಇಡ್ತಾರೆ. ಇಂಗ್ಲಿಷಿನವರು ಪ್ರತಿ ತಂಡಕ್ಕೂ ಹೊಸ ಪದ ಕಟ್ಟಬೇಕು. ‘ದಿ ಫ್ಯಾಬ್ ಫೋ’ ತಗೋ. ಬೀಟಲ್ಸ್‌ಗೆ ‘ಫ್ಯಾಬ್ ಫೋರ್’ ಅನ್ನೋ ಬಿರುದಿತ್ತಲ್ಲ, ಫ್ರೆಂಚಿನಲ್ಲಿ ‘ಫೋ’ ಅಂದರೆ ಸುಳ್ಳು. 1998ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನ ಕಟ್ಟಿದ ವಿಲ್ ಲೀ, ಡೇವಿಡ್ ಲೆಟರ್‌ಮನ್‌ರ ಟಿವಿ ಕಾರ್ಯಕ್ರಮದಲ್ಲಿ ಬಾಸ್ ವಾದಕನಾಗಿದ್ದವನು. ಇವರು ಬೀಟಲ್ಸ್ ಥರ ವಿಗ್ ಹಾಕಲ್ಲ, ಕೋಟು ತೊಡಲ್ಲ, ಲಿವರ್‌ಪೂಲಿನ ಮಾತು ಆಡಲ್ಲ. ಬೀಟಲ್ಸ್ ಸ್ಟುಡಿಯೋದಲ್ಲಷ್ಟೇ ಮಾಡಿದ್ದನ್ನ, ವೇದಿಕೆ ಮೇಲೆ ಎಂದೂ ನುಡಿಸದೇ ಹೋದದ್ದನ್ನ, ಸ್ವರಸ್ವರ ಬಿಡದೆ ನುಡಿಸ್ತಾರೆ. ವೇಷದಲ್ಲಿ ಸುಳ್ಳಿಲ್ಲ, ನಾದದಲ್ಲಿ ಸುಳ್ಳಿಲ್ಲ. ಹೆಸರು ಮಾತ್ರ ‘ಸುಳ್ಳು’.

— ಇದು ನನಗೆ ಹಿಡಿಸಿತು, ಮಾವ. ಆದರೆ ಒಂದು ಮಾತು ನನಗೆ ಚುಚ್ತಾ ಇದೆ. ಹೆಣ್ಣುಮಕ್ಕಳೇ ಇರೋ ತಂಡಗಳ ಹೆಸರು ನೋಡಿ. ಎಸಿ/ಡಿಸಿಗೆ ‘ಎಸಿ/ಡಿಶೀ’, ಜೂಡಸ್ ಪ್ರೀಸ್ಟ್‌ಗೆ ‘ಜೂಡಸ್ ಪ್ರೀಸ್ಟೆಸ್’, ಮೆಟಾಲಿಕಾಗೆ ‘ಮಿಸ್ಟಾಲಿಕಾ’. ಗಂಡಸರ ಹೆಸರಿಗೆ ಒಂದು ಸೀರೆ ಸುತ್ತಿದ ಹಾಗೆ. ನಾನು ಗಿಟಾರ್ ಹಿಡಿದ ಕೂಡಲೇ ನಾನು ಹುಡುಗಿ ಅನ್ನೋದು ಹೆಸರಿಗೆ ಅಂಟಬೇಕಾ?

— ಅಂಟಬೇಕಾಗಿಲ್ಲ. ನಿನ್ನ ತಂಡದಲ್ಲಿ ಅಂಥ ಹೆಸರು ಬಂದರೆ ಬೇಡ ಅಂತ ಖಡಾಖಂಡಿತ ಹೇಳು. ಆದರೆ ‘ದಿ ಐರನ್ ಮೇಡನ್ಸ್’ ಅನ್ನೋದನ್ನ ಮಾತ್ರ ಬೇರೆ ಇಟ್ಟು ನೋಡು. ಲಾಸ್ ಏಂಜಲೀಸ್, 2001.

— ಐರನ್ ಮೇಡನ್‌ಗೆ ಒಂದು ‘ಸ್’ ಸೇರಿಸಿದ್ದಾರೆ.

— ಅಷ್ಟೇ ಮಾಡಿದ್ದು. ಮೇಡನ್ ಅಂದರೇನೇ ಕನ್ಯೆ. ಐವರು ಗಂಡಸರು ಸೇರಿ ಲೋಕದ ತುಂಬ ‘ಕಬ್ಬಿಣದ ಕನ್ಯೆ’ ಅಂತ ಮೆರೆದದ್ದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಈ ಹೆಂಗಸರು ಒಂದು ಬಹುವಚನ ಹಾಕಿ, ಹೆಸರು ಮೊದಲಿಂದ ನಮ್ಮದೇ ಇತ್ತಲ್ಲ ಅಂತ ತೋರಿಸಿದರು. ಆ ಹಾಡುಗಳನ್ನು ನುಡಿಸೋದು ಹುಡುಗಾಟ ಅಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಇದ್ದೆ. ಭಾರತದಲ್ಲಿ ಅವರ ಮೊದಲ ಕಚೇರಿ ಅದು. ಆ ಬಾಸ್ ಓಟ, ಗಿಟಾರುಗಳು ಜೋಡಿಯಾಗಿ ಹೋಗೋ ವೇಗ ಕಣ್ಣಾರೆ ಕಂಡವರಿಗೆ ಗೊತ್ತು. ಐರನ್ ಮೇಡನ್ಸ್‌ನಲ್ಲಿ ನುಡಿಸ್ತಿದ್ದ ನೀಟಾ ಸ್ಟ್ರಾಸ್ 2014ರಲ್ಲಿ ಆಲಿಸ್ ಕೂಪರ್ ತಂಡದ ಗಿಟಾರ್ ವಾದಕಿ ಆದಳು. ನಿಮ್ಮ ಝೆಪ್ಲಿನ್ನನ್ನೇ ನುಡಿಸೋ ನ್ಯೂಯಾರ್ಕಿನ ಹೆಂಗಸರ ತಂಡ ‘ಲೆಝ್ ಝೆಪ್ಲಿನ್’ ಇದೆ. ಅವರ ಮೊದಲ ಆಲ್ಬಮ್ ನಿರ್ಮಿಸಿದ್ದು ಎಡ್ಡಿ ಕ್ರೇಮರ್, ಲೆಡ್ ಝೆಪ್ಲಿನ್ನಿನ ಆಲ್ಬಮ್‌ಗಳಿಗೇ ಧ್ವನಿಮುದ್ರಣ ಮಾಡಿದ ಎಂಜಿನಿಯರ್.

— ಹಾಗಾದರೆ ನಕಲು ಮಾಡ್ತಾ ಮಾಡ್ತಾ ಅಸಲಿಯ ಹತ್ತಿರವೇ ಹೋಗಿ ನಿಲ್ತಾರೆ.

— ಒಳಗೇ ಹೋದವರೂ ಇದ್ದಾರೆ. ಒಹಾಯೋದ ಆಕ್ರನ್ ಊರಿನ ಟಿಮ್ ಓವೆನ್ಸ್, ಜೂಡಸ್ ಪ್ರೀಸ್ಟ್ ಹಾಡುಗಳನ್ನು ಹಾಡೋ ‘ಬ್ರಿಟಿಷ್ ಸ್ಟೀಲ್’ ಅನ್ನೋ ತಂಡದ ಗಾಯಕ. ಜೂಡಸ್ ಪ್ರೀಸ್ಟಿನದೇ 1980ರ ಆಲ್ಬಮ್ಮಿನ ಹೆಸರು ಅದು. 1996ರಲ್ಲಿ ನಿಜವಾದ ಜೂಡಸ್ ಪ್ರೀಸ್ಟ್ ಅವನನ್ನೇ ಗಾಯಕನಾಗಿ ತಗೊಂಡಿತು. ಇರಲಿ, ಅದು ನಮ್ಮ ದಾರಿ ಅಲ್ಲ. ಎಲ್ಲರೂ ಒಳಗೆ ಹೋಗಬೇಕಾಗಿಲ್ಲ.

— ಕೋರ್ಟಿನ ಭಯ ಇಲ್ವಾ? ಹಾಡು ಅವರದು, ಹೆಸರಿನ ಅರ್ಧವೂ ಅವರದು.

— ಹಾಡಿನ ಲೆಕ್ಕ ಬೇರೆ, ಹೆಸರಿನ ಲೆಕ್ಕ ಬೇರೆ. ಸಭಾಂಗಣದವರು ಲೈಸೆನ್ಸ್ ಶುಲ್ಕ ಕಟ್ಟಬೇಕು, ಆ ದುಡ್ಡು ಹಾಡು ಬರೆದವರಿಗೆ ಹೋಗುತ್ತೆ. ಬ್ರಿಟನ್ನಿನಲ್ಲಿ ಅದನ್ನ ನೋಡಿಕೊಳ್ಳೋ ಸಂಸ್ಥೆ 1914ರಿಂದಲೂ ಇದೆ, ನಮ್ಮಲ್ಲಿ ಐಪಿಆರ್‌ಎಸ್ 1969ರಿಂದ. ನೀವು ಟಿಕೆಟ್ ಇಟ್ಟು ನುಡಿಸೋವಾಗ ಈ ಶುಲ್ಕ ಕಟ್ಟಿದ್ದಾರಾ ಅಂತ ಸಭಾಂಗಣದವರನ್ನ ಕೇಳಲೇಬೇಕು. ಹೆಸರಿನದು ಟ್ರೇಡ್‌ಮಾರ್ಕಿನ ಪ್ರಶ್ನೆ: ನೋಡಿದವರಿಗೆ ಇವರೇ ಅವರು ಅಂತ ಗೊಂದಲ ಆಗುತ್ತಾ? 2021ರಲ್ಲಿ ಅಬ್ಬಾದ ಕಂಪನಿ ‘ಅಬ್ಬಾ ಮೇನಿಯಾ’ ಅನ್ನೋ ಬ್ರಿಟಿಷ್ ತಂಡದ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಅಬ್ಬಾ ಅನ್ನೋ ಹೆಸರು ಅಲ್ಲಿ ಇಡಿಯಾಗಿ ಕೂತಿದೆ ನೋಡು. ಹೆಸರನ್ನು ಮುರಿದು ಕಟ್ಟಿದವರಿಗಿಂತ ಇಡಿಯಾಗಿ ಎತ್ತಿಕೊಂಡವರಿಗೇ ಅಪಾಯ ಹೆಚ್ಚು. ಹಾಗಂತ ತಮಾಷೆ ಹೆಸರಿಗೆ ಪೂರ್ತಿ ರಕ್ಷೆ ಇದೆ ಅಂತಲ್ಲ.

— ಬೀಟಲ್ಲಿಕಾ ಕಥೆ ನಾನೇ ಹೇಳ್ತೀನಿ, ಅದನ್ನ ಓದಿದ್ದೀನಿ. ಅಮೆರಿಕಾದ ಮಿಲ್ವಾಕಿಯವರು. ಬೀಟಲ್ಸ್ ಮತ್ತು ಮೆಟಾಲಿಕಾ ಎರಡನ್ನೂ ಕಲಸಿ, ಬೀಟಲ್ಸ್ ಹಾಡನ್ನ ಜೇಮ್ಸ್ ಹೆಟ್‌ಫೀಲ್ಡ್ ಗರ್ಜಿಸಿದ ಹಾಗೆ ಹಾಡ್ತಾರೆ. 2005ರಲ್ಲಿ ಬೀಟಲ್ಸ್ ಹಾಡುಗಳ ಹಕ್ಕು ಇದ್ದ ಸೋನಿಯವರು ನಿಲ್ಲಿಸಿ ಅಂತ ನೋಟಿಸ್ ಕೊಟ್ಟರು. ಆಗ ನೆರವಿಗೆ ಬಂದವನು ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್.

— 2000ದಲ್ಲಿ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿದ ಅದೇ ಮೆಟಾಲಿಕಾ! ತಮ್ಮ ಹಾಡು ಬಿಟ್ಟಿಯಾಗಿ ಹಂಚಿಹೋಗೋದನ್ನ ಸಹಿಸದವರು, ತಮ್ಮ ಹೆಸರನ್ನು ಮುರಿದು ಆಡಿಸಿದವರ ಪರವಾಗಿ ನಿಂತರು. ಕದಿಯೋದಕ್ಕೂ ಪ್ರೀತಿಯಿಂದ ಕಾಲೆಳೆಯೋದಕ್ಕೂ ಇರೋ ವ್ಯತ್ಯಾಸ ಕಲಾವಿದರಿಗೆ ಚೆನ್ನಾಗಿ ಗೊತ್ತು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೂಡ ಹಾಗೇ. 1978ರಲ್ಲಿ ಎರಿಕ್ ಐಡಲ್ ಮತ್ತು ನೀಲ್ ಇನ್ಸ್ ‘ದಿ ರಟಲ್ಸ್’ ಅಂತ ಒಂದು ಹುಸಿ ಬ್ಯಾಂಡಿನ ಹುಸಿ ಚರಿತ್ರೆಯನ್ನ ಸಿನಿಮಾ ಮಾಡಿದರು. ಬೀಟಲ್ಸ್ ‘ಫ್ಯಾಬ್ ಫೋರ್’ ಆದರೆ ಇವರು ‘ಪ್ರಿಫ್ಯಾಬ್ ಫೋರ್’, ಅಂದರೆ ಕಾರ್ಖಾನೆಯಲ್ಲೇ ಮಾಡಿ ತಂದು ನಿಲ್ಲಿಸಿದ ನಾಲ್ವರು. ಆ ಸಿನಿಮಾದಲ್ಲಿ ಹ್ಯಾರಿಸನ್ ಸ್ವತಃ ಟಿವಿ ವರದಿಗಾರನ ವೇಷ ಹಾಕಿ ಬಂದ. ಇನ್ಸ್ ಬರೆದ ಹಾಡುಗಳು ಬೀಟಲ್ಸ್ ಹಾಡಿಗೆ ಎಷ್ಟು ಹತ್ತಿರ ಇದ್ದವು ಅಂದರೆ ಪ್ರಕಾಶನ ಸಂಸ್ಥೆ ದಾವೆಗೆ ಇಳಿದು, ಹಕ್ಕಿನಲ್ಲಿ ಪಾಲು ಪಡೆಯಿತು. ಸಂಸ್ಥೆಗೆ ಸಿಟ್ಟು, ಹ್ಯಾರಿಸನ್‌ಗೆ ಸಂತೋಷ.

— ಅಸಲಿ ತಂಡಗಳೇ ಒಡೆದು ಎರಡಾದಾಗ ಏನ್ಮಾಡ್ತಾರೆ? ಅದೂ ನಕಲಾಗುತ್ತಾ?

— ಅಲ್ಲಿ ನನಗೆ ಬೇಸರವಾಗೋದೇ ಹೆಚ್ಚು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್‌ನ ಹಾಡುಗಳಲ್ಲಿ ಬಹುಪಾಲು ಬರೆದು ಹಾಡಿದವನು ಜಾನ್ ಫೋಗರ್ಟಿ. 1995ರಲ್ಲಿ ಬಾಸ್ ಮತ್ತು ಡ್ರಮ್ಸ್‌ನವರು ಅವನಿಲ್ಲದೆ ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವಿಸಿಟೆಡ್’ ಅಂತ ಹೊರಟರು. ಮೊದಲಕ್ಷರ ಸಿಸಿಆರ್ ಹಾಗೇ ಉಳೀತು. ಫೋಗರ್ಟಿ ಕೋರ್ಟಿಗೆ ಹೋದ. ಡೋರ್ಸ್‌ನ ಇಬ್ಬರು 2002ರಲ್ಲಿ ‘ಡೋರ್ಸ್ ಆಫ್ ದ ಟ್ವೆಂಟಿಫಸ್ಟ್ ಸೆಂಚುರಿ’ ಅಂತ ಶುರು ಮಾಡಿದಾಗ ತಡೆದವನು ಅವರದೇ ಡ್ರಮ್ಮರ್ ಜಾನ್ ಡೆನ್ಸ್‌ಮೋರ್. ಜಿಮ್ ಮಾರಿಸನ್ ಸತ್ತ ಮೇಲೆ ಆ ಹೆಸರು ಹಾಗೆ ಓಡಾಡಬಾರದು ಅನ್ನೋದು ಅವನ ಹಟ, ಗೆದ್ದ. ಇವರೆಲ್ಲ ಅಸಲಿ ಜನ, ಅವರ ಕೈಯಲ್ಲಿ ಅಸಲಿ ನಾದವೇ ಇದೆ. ಆದರೂ ಆ ಹೆಸರುಗಳು ಅರ್ಧ ಮರೆಮಾಚ್ತವೆ. ಇದಕ್ಕಿಂತ ‘ನೋಯಾಸಿಸ್’ ಎಷ್ಟೋ ಮೇಲು ಅಂತ ನನ್ನ ಖಚಿತ ಅಭಿಪ್ರಾಯ.

— ಝೆಪ್ಲಿನ್‌ಗೆ ಬರೋಣ. ಅವರ ಹೆಸರಿನಲ್ಲಿ ಆಡಿದವರು ಇನ್ನೂ ಇದ್ದಾರಾ?

— ‘ಡ್ರೆಡ್ ಝೆಪ್ಲಿನ್’! ಕ್ಯಾಲಿಫೋರ್ನಿಯಾದವರು, 1989. ಝೆಪ್ಲಿನ್ ಹಾಡು, ಜಮೈಕಾದ ರೆಗೇ ತಾಳ, ಹಾಡುವವನು ಎಲ್ವಿಸ್ ಪ್ರೀಸ್ಲಿ ವೇಷದ ‘ಟಾರ್ಟೆಲ್ವಿಸ್’. 1990ರ ಆಲ್ಬಮ್ ಹೆಸರು ‘ಅನ್-ಲೆಡ್-ಎಡ್’, ಸೀಸ ಇಲ್ಲದ ಪೆಟ್ರೋಲಿಗೆ ಹೇಳ್ತಾರಲ್ಲ ಹಾಗೆ. ಲೆಡ್ ಝೆಪ್ಲಿನ್ ಗಾಯಕ ರಾಬರ್ಟ್ ಪ್ಲಾಂಟ್‌ಗೆ ಅವರೆಂದರೆ ಮೆಚ್ಚುಗೆ. ಕೇಳಿ ನೋಡು, ಆ ಹಾಡುಗಳ ಸ್ವರರಚನೆ ಎಷ್ಟು ಗಟ್ಟಿ ಅನ್ನೋದು ತಾಳ ಬದಲಾದಾಗಲೇ ಸ್ಪಷ್ಟವಾಗಿ ಕೇಳಿಸುತ್ತೆ. ಅದೂ ಒಂದು ಬಗೆಯ ವಿಮರ್ಶೆ. ಇನ್ನೂ ಮುಖ್ಯವಾದದ್ದು ಒಂದಿದೆ. ಲೆಡ್ ಝೆಪ್ಲಿನ್ ಅನ್ನೋ ಹೆಸರೇ ಏನು? ಸೀಸದ ಬಲೂನಿನ ಹಾಗೆ ನೆಲಕ್ಕೆ ಬೀಳ್ತೀರಿ ಅಂತ ದಿ ಹೂ ತಂಡದವರು ಆಡಿದ ತಮಾಷೆಯಿಂದ ಹುಟ್ಟಿದ್ದು ಅಂತಲೇ ಪ್ರಸಿದ್ಧಿ. ಅದಕ್ಕೂ ಮೊದಲು, 1968ರ ಸೆಪ್ಟೆಂಬರ್‌ನಲ್ಲಿ, ಸ್ಕ್ಯಾಂಡಿನೇವಿಯಾದಲ್ಲಿ ಅವರು ಏನಂತ ನುಡಿಸಿದರು ಗೊತ್ತಾ? ‘ದಿ ನ್ಯೂ ಯಾರ್ಡ್‌ಬರ್ಡ್ಸ್’.

— ಒಡೆದ ತಂಡದ ಬಾಲ ಹಿಡಿದ ಹೆಸರು!

— ಯಾರ್ಡ್‌ಬರ್ಡ್ಸ್ ಒಡೆದಿತ್ತು, ಒಪ್ಪಿಕೊಂಡ ಕಚೇರಿಗಳು ಬಾಕಿ ಇದ್ದವು. ಹಳೇ ಹೆಸರು ಬಳಸಬೇಡಿ ಅಂತ ಆ ತಂಡದ ಕ್ರಿಸ್ ಡ್ರೇಯಾ ಪತ್ರ ಕಳಿಸಿದ ಮೇಲೆ ಹೊಸ ಹೆಸರು ಬಂತು. ಅದೂ ಸುಖವಾಗಿ ಇರಲಿಲ್ಲ. ಆಕಾಶನೌಕೆ ಕಟ್ಟಿದ ಕೌಂಟ್ ಝೆಪ್ಲಿನ್ ಮನೆತನದ ಇವಾ ಫಾನ್ ಝೆಪ್ಲಿನ್, ನಮ್ಮ ಮನೆಹೆಸರು ಕೆಡಿಸ್ತೀರಿ ಅಂತ ಕೇಸಿನ ಬೆದರಿಕೆ ಹಾಕಿದಳು. 1970ರ ಫೆಬ್ರವರಿ 28ರಂದು ಕೋಪನ್‌ಹೇಗನ್‌ನಲ್ಲಿ ಲೆಡ್ ಝೆಪ್ಲಿನ್ ‘ದಿ ನಾಬ್ಸ್’ ಅನ್ನೋ ಹೆಸರಿನಲ್ಲಿ ನುಡಿಸಬೇಕಾಯ್ತು. ಬೀಟಲ್ಸ್ ಅನ್ನೋ ಹೆಸರಿನ ಹಿಂದೆಯೂ ಬಡ್ಡಿ ಹಾಲಿಯ ಕ್ರಿಕೆಟ್ಸ್ ತಂಡ ಇದೆ. ಅವರು ಮಿಡತೆ ಜಾತಿ, ಇವರು ಜೀರುಂಡೆ, ಜೊತೆಗೆ ತಾಳದ ‘ಬೀಟ್’. ರಾಕ್ ಸಂಗೀತದಲ್ಲಿ ಹೆಸರಿನ ಆಟ ಅಸಲಿಗಳೇ ಶುರು ಮಾಡಿದ್ದು. ನಕಲಿಗಳು ಮುಂದುವರಿಸಿದ್ದಾರೆ.

— ಅಂದರೆ ನಮ್ಮ ಹುಡುಗರ ಮಾತೇ ಸರಿ ಅಂತೀರಿ.

— ಅರ್ಧ ಸರಿ. ನಗು ಬರಬೇಕು ಅನ್ನೋ ಒಂದೇ ಆಸೆಯಿಂದ ಹೆಸರಿಟ್ಟರೆ ಎರಡನೇ ಸಲ ಓದಿದಾಗ ಹಳಸಿರುತ್ತೆ. ‘ಬೂಟ್‌ಲೆಗ್ ಬೀಟಲ್ಸ್’ ನೋಡು, ಕಳ್ಳ ಪ್ರತಿ ಅಂತ ತಾವೇ ಹೇಳಿಕೊಂಡ ಹೆಸರು. 1980ರಲ್ಲಿ ಶುರುವಾಗಿ ಇವತ್ತಿಗೂ ನಡೀತಿದೆ. 1996ರಲ್ಲಿ ನೆಬ್‌ವರ್ತ್‌ನಲ್ಲಿ ಒಯಾಸಿಸ್ ಎರಡು ದಿನ ಸೇರಿ ಎರಡೂವರೆ ಲಕ್ಷ ಜನರ ಮುಂದೆ ಹಾಡಿದಾಗ ಅವರಿಗೂ ವೇದಿಕೆ ಕೊಟ್ಟಿದ್ದರು. ಬರೀ ಹೆಸರಿನಿಂದ ಅಷ್ಟು ವರ್ಷ ನಿಲ್ಲೋದಿಲ್ಲ. ನೀನು ತಿಂಗಳುಗಟ್ಟಲೆ ಬೇಕು ಅಂದೆಯಲ್ಲ ಆ ಅಭ್ಯಾಸ, ನಿಲ್ಲಿಸೋದು ಅದು.

— ಹೆಸರು ಕನ್ನಡದಲ್ಲಿ ಇರಬಹುದಾ ಮಾವ? ಬೆಂಗಳೂರಿನಲ್ಲಿ ನುಡಿಸೋರು ನಾವು.

— ಯಾಕಿರಬಾರದು? ಅಡಿಲೇಡಿನವರು ಕಾಂಗರೂ ತಂದ ಹಾಗೆ ನೀವೂ ನಿಮ್ಮ ಊರನ್ನ ತನ್ನಿ. ಕೂತು ಯೋಚನೆ ಮಾಡಿ, ಒಬ್ಬರ ಮೇಲೆ ಒಬ್ಬರು ಹೇರಬೇಡಿ. ಕೊನೆಗೆ ಯಾವ ಹೆಸರೇ ಗಟ್ಟಿಯಾಗಲಿ, ಅದರ ಕೆಳಗೆ ‘ಲೆಡ್ ಝೆಪ್ಲಿನ್ ಗೀತೆಗಳು’ ಅಂತ ಓದೋಕೆ ಬರೋ ಅಕ್ಷರದಲ್ಲಿ ಹಾಕಿಸಿ, ಪೇಜ್, ಪ್ಲಾಂಟ್, ಜೋನ್ಸ್, ಬಾನಮ್ ನಾಲ್ವರ ಹೆಸರನ್ನೂ ಬಿಡಬೇಡಿ.